ವಸಂತದ ರಜೆಯೂ ನಮ್ಮ ಬಾಲಿಕೆಯರೂ

ಬೇಸಿಗೆಯ ರಜೆ ಕಳೆದು ಪಾಠಶಾಲೆಯ ಬಾಗಿಲು ತೆರೆದೊಡನೆ, "ರಜೆಯ ದಿನಗಳನ್ನು ನಾನು ಕಳೆದ ಬಗೆ" ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಿಸುವ ಪದ್ಧತಿಯು ಹೆಚ್ಚು ಕಡಮೆ ಎಲ್ಲ ಶಾಲೆಗಳಲ್ಲಿಯೂ ಉಂಟು. ಇವುಗಳನ್ನು ನಾವು ಉಪಾಧ್ಯಾಯಿನಿಯರು ಸಾಮಾನ್ಯವಾಗಿ ಕಾಗುಣಿತದ ತಪ್ಪುಗಳಿಗಾಗಿ ಓದುತ್ತೇವೆ. ಒತ್ತಕ್ಷರಗಳನ್ನು ಬದಿಗಿಟ್ಟು ಒಮ್ಮೆ ಸಂಗತಿಗಾಗಿಯೇ ಓದಿದರೆ, ಒಂದು ಮನೆಯ ವ್ಯವಹಾರವೆಲ್ಲ ಅಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ಕಡೆಯ ಬಾಲಿಕೆಯರು ಬರೆಯುವ ಪ್ರಬಂಧಗಳಲ್ಲಿ ಮೊದಲು ಯುಗಾದಿ ಬರುತ್ತದೆ. ಗೋಡೆಗೆ ಸುಣ್ಣ, ಕಾರಣೆಗೆ ಕೆಮ್ಮಣ್ಣು. ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿ ಹುಣಿಸೆಹಣ್ಣಿನಿಂದ ಬೆಳಗಿದ್ದು. ಹೊಗೆಸೊಪ್ಪಿನ ಸಸಿಮಡಿಗೆ ಸಂಜೆ ಮುಂಜಾನೆ ನೀರು ಚಿಮುಕಿಸಿದ್ದು. ಹಿತ್ತಲಿನ ಹೀರೆ ಪಡವಲಗಳಿಗೆ ಬಿಂದಿಗೆ ಹೊತ್ತದ್ದು. ಕಟ್ಟಕಡೆಗೆ, "ಒಂದು ದಿನ ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಳೆಯ ಹತ್ತಿರ ಹೋದೆವು; ಅಣ್ಣಂದಿರು ಈಜಿದರು; ನಾವು ದಡದಲ್ಲಿ ಕುಳಿತು ಬಟ್ಟೆಗಳನ್ನು ನೋಡಿಕೊಂಡೆವು" ಎಂಬ ವಾಕ್ಯ.

ಈ ಕಡೆಯ ವಾಕ್ಯವನ್ನು ಕುರಿತೇ ನಾನು ಈ ಲೇಖನವನ್ನು ಬರೆಯುತ್ತಿರುವುದು. ಹುಡುಗಿಯು ಅದನ್ನು ದೂರಾಗಿ ಬರೆದಿರುವುದಿಲ್ಲ. ಮಳೆ ಬಂತು, ಬಿಸಿಲು ಬಂತು ಎಂಬಂತೆ ಸಹಜವಾಗಿ ಬರೆದಿರುತ್ತಾಳೆ. ಮನೆಗೆ ಬೇಕಾದ ನೀರನ್ನೆಲ್ಲ ಹೊರುವವಳು ಅವಳು, ಗಿಡಕ್ಕೆ ನೀರೆರೆಯುವವಳು ಅವಳು, ಕೆರೆಯ ಸೋಪಾನದಲ್ಲಿ ಬಟ್ಟೆ ಒಗೆಯುವವಳು ಅವಳು. ಆದರೆ ನೀರಿನಲ್ಲಿ ತೇಲುವ ವಿದ್ಯೆ ಮಾತ್ರ ಅವಳದಲ್ಲ. ಹೆಣ್ಣುಮಕ್ಕಳ ವಸಂತದ ರಜೆಯಲ್ಲಿ ಮನೆಗೆಲಸಕ್ಕೆ ಎಷ್ಟು ಸ್ಥಳವುಂಟೋ ಅಷ್ಟೇ ಸ್ಥಳವು ಈಜಿಗೂ ಇರತಕ್ಕದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಗೆಲಸವನ್ನು ನಾನು ಹಳಿಯುತ್ತಿರುವೆನೆಂದು ಯಾರೂ ಭಾವಿಸಬಾರದು. ಚೈತ್ರ ವೈಶಾಖಗಳು ನಮ್ಮ ಸೀಮೆಯಲ್ಲಿ ಮನೆಯನ್ನು ನೇರ್ಪಡಿಸಿಕೊಳ್ಳುವ ಕಾಲ. ರಾಗಿಯ ಒಕ್ಕಣೆ ಮುಗಿದಿರುತ್ತದೆ, ಮುಂಗಾರು ಇನ್ನೂ ದೂರವಿರುತ್ತದೆ. ಹೊಂಗೆ ಚಿಗುರಿ ಕಕ್ಕೆ ಹೂವಾಗುವ ಈ ಎಡೆಯಲ್ಲಿಯೇ ಒಡೆದ ಹೆಂಚನ್ನು ಬದಲಾಯಿಸಬೇಕು, ಸೌದೆಯನ್ನು ಒಳಕ್ಕೆ ಸೇರಿಸಬೇಕು, ಬಿತ್ತನೆಯ ಬೀಜವನ್ನು ಬಿಸಿಲಿಗೆ ಹಾಕಿ ಹುಳು ನೋಡಬೇಕು. ಇದೆಲ್ಲ ಒಳ್ಳೆಯ ಶಿಕ್ಷಣವೇ ಸರಿ. ಆದರೆ ಅದು ಮನೆಯ ಮಕ್ಕಳೆಲ್ಲರ ಶಿಕ್ಷಣವಾಗಬೇಕಲ್ಲದೆ ಒಬ್ಬಳದೇ ಪಾಲಾಗಬಾರದು. ಸುಣ್ಣದ ಕುಂಚವನ್ನು ಹಿಡಿದರೆ ಗಂಡುಹುಡುಗನ ಕೈ ಸವೆಯುವುದಿಲ್ಲ. ಅಣ್ಣನು ಎರಡು ಬಿಂದಿಗೆ ನೀರು ಹೊತ್ತರೆ ತಂಗಿಗೆ ಅರ್ಧ ಗಂಟೆ ಬಿಡುವಾಗುತ್ತದೆ. ನಾನು ಕೇಳುತ್ತಿರುವ ಈಜಿಗೆ ಆ ಅರ್ಧ ಗಂಟೆಯೇ ಸಾಕು.

ಹಿತ್ತಲನ್ನು ಕುರಿತು ನನಗೆ ಇನ್ನೊಂದು ಆಸೆಯಿದೆ. ಪ್ರತಿಯೊಬ್ಬ ಹುಡುಗಿಗೂ ಒಂದು ಮಡಿಯಷ್ಟು ನೆಲವನ್ನು ಅವಳ ಹೆಸರಿನಲ್ಲಿಯೇ ಬಿಟ್ಟುಕೊಡಬೇಕು. ದಂಟು ಬಿತ್ತುವಳೋ ಬದನೆ ನೆಡುವಳೋ ಚೆಂಡುಹೂವನ್ನು ಹಾಕುವಳೋ ಅದು ಅವಳ ಇಷ್ಟ. ಬೆಳೆದದ್ದು ಮನೆಗೆ ಮಿಕ್ಕು ಮಾರಿದರೆ ಆ ದುಡ್ಡೂ ಅವಳದೇ. ಹೆಸರಿನಲ್ಲಿಯೇ ಸಂತೆಯನ್ನು ಇಟ್ಟುಕೊಂಡಿರುವ ಊರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ನೀರೆಲ್ಲಿ ಎಂದರೆ, ಬಚ್ಚಲಿನ ನೀರು ಚರಂಡಿಗೆ ಹರಿದು ಸೊಳ್ಳೆಗಳನ್ನು ಸಾಕುತ್ತಿರುತ್ತದೆಯಷ್ಟೆ. ಅದನ್ನೇ ಒಂದು ಕಿರುಗಾಲುವೆ ತೆಗೆದು ಮಡಿಗೆ ತಿರುಗಿಸಿ, ಗಿಡದ ಬುಡಕ್ಕೆ ಒಣಗಿದ ಎಲೆಗಳನ್ನು ಒಂದು ಗೇಣು ದಪ್ಪ ಹೊದಿಸಿದರೆ, ಎರಡು ದಿನಕ್ಕೊಮ್ಮೆ ಎರೆದ ನೀರೇ ಸಾಲುತ್ತದೆ. ಸಾಬೂನಿನ ನೀರು ಹೆಚ್ಚಾಗಿರುವ ಕಡೆ ಸೊಪ್ಪನ್ನು ಬೆಳೆಯದೆ ಬಾಳೆಯನ್ನು ಹಾಕುವುದು ವಿಹಿತ.

ಆ ಮಡಿಯ ಒಂದು ಮೂಲೆಯಲ್ಲಿ ಸೋರೆಯ ಬೀಜವನ್ನು ಊರಬೇಕೆಂದು ನಾನು ವಿಶೇಷವಾಗಿ ಹೇಳುತ್ತೇನೆ. ಮೊಳದಾಳದ ಗುಣಿ ತೆಗೆದು, ಹಳೆಯ ಗೊಬ್ಬರವನ್ನೂ ಬೂದಿಯನ್ನೂ ಬೆರಸಿ ತುಂಬಿ, ರಾತ್ರಿಯೆಲ್ಲ ನೆನೆಸಿದ ಬೀಜಗಳನ್ನು ಮೂರು ನಾಲ್ಕು ಹಾಕಿದರೆ ಗಟ್ಟಿಯಾದ ಒಂದೆರಡು ಸಸಿಗಳನ್ನು ಉಳಿಸಿಕೊಳ್ಳಬಹುದು. ಸೋರೆಯ ಹೂವು ಬೆಳ್ಳಗಿದ್ದು ಸಂಜೆಯಲ್ಲಿ ಅರಳುವುದು. ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಹೆಣ್ಣುಹೂವಿನ ಕೆಳಗೆ ಪುಟ್ಟ ಕಾಯಿಯೊಂದು ಮೊದಲೇ ಕುಳಿತಿರುತ್ತದೆ. ಚಿಟ್ಟೆ ಹುಳುಗಳು ಬಾರದ ಸಂಜೆಗಳಲ್ಲಿ ಗಂಡುಹೂವನ್ನು ಕಿತ್ತು ಅದರ ಪರಾಗವನ್ನು ಹೆಣ್ಣುಹೂವಿಗೆ ಮೆಲ್ಲನೆ ಸೋಕಿಸಿದರೆ ಕಾಯಿ ನಿಲ್ಲುತ್ತದೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಅರ್ಧ ಪುಟ ಕಂಠಪಾಠ ಮಾಡಿ ಮರೆಯುವ ಸಂಗತಿಯು ಇಲ್ಲಿ ಬೆರಳ ತುದಿಯಲ್ಲಿ ನೆಲೆನಿಲ್ಲುವುದು. ಅಡುಗೆಗೆ ಹೆಚ್ಚುವ ಮುನ್ನ ಸೋರೆಯ ಒಂದು ಚೂರನ್ನು ನಾಲಗೆಗೆ ತಾಗಿಸಿ ನೋಡುವ ಹಿರಿಯರ ವಾಡಿಕೆಯನ್ನು ಬಿಡಬಾರದು. ಕಹಿಯಾದ ಸೋರೆಯು ವಿಷ, ಅದನ್ನು ತಿಪ್ಪೆಗೆ ಹಾಕಬೇಕೇ ಹೊರತು ರಸ ತೆಗೆದು ಕುಡಿಯಬಾರದು.

ಸೋರೆಯ ಮೇಲೆ ನನಗೇಕೆ ಇಷ್ಟು ಪ್ರೀತಿಯೆಂದು ಕೇಳುವಿರಿ. ನಮ್ಮ ಹಿರಿಯರು ಈಜು ಕಲಿತದ್ದು ಸೋರೆಬುರುಡೆಯನ್ನು ಕಟ್ಟಿಕೊಂಡಲ್ಲವೇ? ಬೇಸಿಗೆಯ ಬಳ್ಳಿಯಲ್ಲಿ ಒಂದು ಕಾಯಿಯನ್ನು ಬೀಜಕ್ಕೆ ಬಿಟ್ಟು, ಆ ಬೀಜವನ್ನು ಮಳೆಯ ಆರ್ಭಟ ಇಳಿದ ಮೇಲೆ ಹಾಕಿದರೆ, ಕಾಯಿಗಳು ಬಲಿತು ಪುಷ್ಯ ಮಾಘದ ಒಣಹವೆಯಲ್ಲಿ ಬಳ್ಳಿಯ ಮೇಲೆಯೇ ಒಣಗುತ್ತವೆ. ತೊಟ್ಟು ಪೂರ್ತಿ ಒಣಗಿದ ಮೇಲೆ ಕೊಯ್ದು ನೆರಳಿನಲ್ಲಿಟ್ಟು, ಅಲುಗಾಡಿಸಿದಾಗ ಒಳಗೆ ಬೀಜ ಗಲಗಲ ಎಂದರೆ ಬುರುಡೆ ಸಿದ್ಧವಾಯಿತು. ತೂತು ಮಾಡದೆ, ಒಡಕಿಲ್ಲದೆ ಇರುವ ಎರಡು ದೊಡ್ಡ ಬುರುಡೆಗಳನ್ನು ಹಗ್ಗದಿಂದ ಜೋಡಿಸಿ ಬೆನ್ನಿಗೆ ಕಟ್ಟಿದರೆ ಮಗುವು ತೇಲುತ್ತದೆ. ಹೀಗೆ ಈ ವಸಂತದಲ್ಲಿ ಅವಳು ಎರೆದ ನೀರು ಮುಂದಿನ ವಸಂತದಲ್ಲಿ ಅವಳನ್ನು ನೀರಿನ ಮೇಲೆ ಎತ್ತಿ ಹಿಡಿಯುವುದು. ಆದರೆ ಬುರುಡೆಯು ಕಲಿಸುವ ಸಾಧನವೇ ಹೊರತು ಕಾವಲುಗಾರನಲ್ಲ. ಹಗ್ಗ ಸಡಿಲುವುದುಂಟು, ಬುರುಡೆ ಒಡೆಯುವುದುಂಟು. ಈಜು ಬಲ್ಲ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರದಲ್ಲಿ ಇರಲೇಬೇಕು. ದೋಣಿಯಲ್ಲಿ ಹತ್ತುವಾಗಲಂತೂ ಅಂಗಡಿಯಲ್ಲಿ ದೊರೆಯುವ ಜೀವರಕ್ಷಕ ಜಾಕೆಟ್ಟೇ ಬೇಕು. ಅಲ್ಲಿ ಬುರುಡೆಯ ಹಟ ಸಲ್ಲದು.

ಇನ್ನು ಹೊಳೆಯ ವಿಷಯ. ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯು ನಮ್ಮವರಿಗೆ ಹಿಂದೆ ಒಂದು ಹೊಳೆಯಾಗಿತ್ತು. ಅದರ ಮಡುಗಳಾವುವು, ಹಾಯುವ ಕಡವುಗಳಾವುವು ಎಂಬುದನ್ನು ದನ ಕಾಯುವ ಹುಡುಗರೂ ಬಲ್ಲವರಾಗಿದ್ದರು. ೧೯೭೪ರಲ್ಲಿ ಬೀಚನಹಳ್ಳಿಯ ಹತ್ತಿರ ಕಬಿನಿ ಅಣೆಕಟ್ಟು ಮುಗಿದ ಮೇಲೆ ಅದು ೧೯.೫೨ ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವಾಯಿತು. ಅನೇಕ ಗ್ರಾಮಗಳೂ ಕಾಕನಕೋಟೆಯ ಕಾಡಿನ ಒಂದು ದೊಡ್ಡ ಭಾಗವೂ ನೀರಿನ ಕೆಳಗೆ ಹೋದವು. ಊರುಗಳ ಸಂಗಡ ಹಿರಿಯರ ಆ ತಿಳಿವಳಿಕೆಯೂ ಮುಳುಗಿತೆಂದೇ ಹೇಳಬೇಕು. ಈಗ ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಸುರು ಬಯಲು ಹರಡಿಕೊಂಡಾಗ ನೋಟವೇನೋ ರಮ್ಯವಾಗಿರುತ್ತದೆ. ಆದರೆ ದಡವೆಂದು ನಾವು ನಿಲ್ಲುವ ಸ್ಥಳವು ದಡವಲ್ಲ, ಜಲಾಶಯದ ತಳ. ಮೇಲೆ ಒಣಗಿದಂತೆ ತೋರುವ ಹೂಳಿನ ಕೆಳಗೆ ಮೊಣಕಾಲುದ್ದದ ಕೆಸರು. ನೀರಿಗಿಳಿದರೆ ಹಳೆಯ ಮರದ ಮೋಟು, ಹಳೆಯ ಗುಂಡಿ. ನಾಲ್ಕು ಹೆಜ್ಜೆ ಮೊಣಕಾಲುಮಟ್ಟವಿದ್ದ ನೀರು ಐದನೆಯ ಹೆಜ್ಜೆಗೆ ತಲೆಯನ್ನು ಮೀರುವುದು.

ಅಣೆಕಟ್ಟಿನ ಕೆಳಗಣ ಹೊಳೆಯ ಪರಿಯೇ ಬೇರೆ. ಅಲ್ಲಿ ನೀರು ಬಿಟ್ಟಾಗ ಬಂಡೆಯ ಮೇಲೆ ಕುಳಿತವರು ನೋಡುತ್ತಿದ್ದಂತೆಯೇ ದ್ವೀಪದಲ್ಲಿ ಸಿಕ್ಕಿಬೀಳುತ್ತಾರೆ. ನಾಲೆಯ ಇಳಿಜಾರು ಗೋಡೆಗೆ ಪಾಚಿ ಕಟ್ಟಿರುವುದರಿಂದ ಬಿದ್ದವರಿಗೆ ಹಿಡಿಯಲು ಏನೂ ಸಿಕ್ಕುವುದಿಲ್ಲ. ೨೦೧೪ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಲಗಳಲ್ಲಿ ತೋಡಿದ ಕೃಷಿಹೊಂಡಗಳು ರೈತನಿಗೆ ಉಪಕಾರಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಿಂದ ಈಜು ಬಲ್ಲವನೂ ಹತ್ತಿ ಬರುವುದು ಕಷ್ಟ. ಸುತ್ತ ಬೇಲಿಯನ್ನು ಕಟ್ಟಿ, ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಬಿಗಿದು ಒಳಕ್ಕೆ ಇಳಿಬಿಡುವುದು ಒಂದು ದಿನದ ಕೆಲಸ. ರಜೆಯಲ್ಲಿ ಮನೆಯವರೆಲ್ಲ ಕೂಡಿ ಮಾಡತಕ್ಕ ಕೆಲಸಗಳಲ್ಲಿ ಗೋಡೆಯ ಸುಣ್ಣಕ್ಕಿಂತ ಇದೇ ಮೊದಲು ಎಂಬುದು ನನ್ನ ಲೆಕ್ಕ.

ಪ್ರತಿ ಬೇಸಿಗೆಯಲ್ಲಿಯೂ ವೃತ್ತಪತ್ರಿಕೆಗಳಲ್ಲಿ ಒಂದೇ ಬಗೆಯ ಸುದ್ದಿಯನ್ನು ಓದುತ್ತೇವೆ. ನೆಂಟರ ಮನೆಗೆ ಬಂದ ಮಕ್ಕಳು ನೀರಿಗೆ ಇಳಿದರು; ಒಬ್ಬಳು ಜಾರಿದಳು; ಅವಳನ್ನು ಹಿಡಿಯಲು ಅಕ್ಕ ಹೋದಳು; ಅಕ್ಕನನ್ನು ಹಿಡಿಯಲು ತಾಯಿ ಹೋದಳು. ಸತ್ತವರಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ ೨೦೨೧ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು ೩ ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಐದು ವರ್ಷದೊಳಗಿನ ಶಿಶುಗಳು. ಸಂಯುಕ್ತ ರಾಷ್ಟ್ರಗಳ ಮಹಾಸಭೆಯು ೨೦೨೧ರ ಏಪ್ರಿಲಿನಲ್ಲಿ ನಿರ್ಣಯ ಮಾಡಿ ಜುಲೈ ೨೫ನೆಯ ದಿನವನ್ನು ಈ ವಿಷಯಕ್ಕೆಂದೇ ಮುಡಿಪಾಗಿಟ್ಟಿದೆ. ನಮ್ಮ ಶಾಲೆಗಳ ದಿನಾಚರಣೆಗಳ ಉದ್ದವಾದ ಪಟ್ಟಿಯಲ್ಲಿ ಈ ದಿನವನ್ನು ನಾನು ಎಲ್ಲಿಯೂ ಕಂಡಿಲ್ಲ.

ಇದಕ್ಕೆ ತಾಯಂದಿರು ಕೊಡುವ ಉತ್ತರವನ್ನು ನಾನು ಬಲ್ಲೆ. "ಹೆಣ್ಣುಮಗುವಿಗೆ ಈಜೇಕಮ್ಮಾ? ನೀರಿನ ಹತ್ತಿರ ಬಿಡದಿದ್ದರಾಯಿತು." ಮಾತು ಅಕ್ಕರೆಯಿಂದ ಬಂದದ್ದೇ ಆದರೂ ಅದರಲ್ಲಿ ಹುರುಳಿಲ್ಲ. ನೀರಿನ ಹತ್ತಿರ ಬಿಡದೆ ಇರುವುದೆಲ್ಲಿ ಬಂತು? ಬಟ್ಟೆಯ ಗಂಟನ್ನು ಹೊರಿಸಿ ಕೆರೆಗೆ ಕಳುಹಿಸುವವರು ಯಾರು? ಜಾತ್ರೆಯಲ್ಲಿ ನಂಜನಗೂಡಿನ ಕಪಿಲೆಯಲ್ಲಿ ಮೂರು ಮುಳುಗು ಹಾಕಿಸುವವರು ಯಾರು? ಎಮ್ಮೆಗೆ ನೀರು ಕುಡಿಸಲು ನಾಲೆಯ ಏರಿಯ ಮೇಲೆ ಅಟ್ಟುವವರು ಯಾರು? ನೀರಿನಿಂದ ಅವಳನ್ನು ದೂರವಿಟ್ಟಿಲ್ಲ. ನೀರಿನ ವಿದ್ಯೆಯಿಂದ ಮಾತ್ರ ದೂರವಿಟ್ಟಿದ್ದೇವೆ.

ಇನ್ನು ಮಾನ ಮರ್ಯಾದೆಯ ಪ್ರಶ್ನೆ. ಇದನ್ನು ನಾನು ಲಘುವಾಗಿ ಎಣಿಸುವವಳಲ್ಲ. ಬೆಳೆದ ಹುಡುಗಿಯು ನಾಲ್ವರ ಕಣ್ಣೆದುರಿಗೆ ಒದ್ದೆಬಟ್ಟೆಯಲ್ಲಿ ನಿಲ್ಲಲು ನಾಚುವುದು ಸಹಜವೇ. ಆದರೆ ಆರು ಏಳು ವರ್ಷದ ಮಗುವಿಗೆ ಆ ನಾಚಿಕೆಯಿಲ್ಲ. ಕಲಿಸಲು ತಕ್ಕ ವಯಸ್ಸು ಅದೇ. ದೊಡ್ಡವರಿಗಾದರೆ ಮೈಗೊಪ್ಪುವ ತುಂಬುತೋಳಿನ ಅಂಗಿಯೂ ಮೊಣಕಾಲ ಕೆಳಗಿನವರೆಗೆ ಬರುವ ಚಲ್ಲಣವೂ ಸಾಕು. ಸೀರೆ, ಲಂಗ, ಉದ್ದನೆಯ ದುಪ್ಪಟ್ಟಾಗಳು ಮಾತ್ರ ನೀರು ಕುಡಿದು ಕಾಲಿಗೆ ಸುತ್ತಿ ಕೆಳಕ್ಕೆ ಎಳೆಯುತ್ತವೆ. ಡಚ್ಚರ ದೇಶದಲ್ಲಿ ಮಕ್ಕಳು ಈಜಿನ ಮೊದಲ ಪರೀಕ್ಷೆಯನ್ನು ಉಟ್ಟ ಬಟ್ಟೆಯಲ್ಲಿ, ಕಾಲಿನ ಪಾದರಕ್ಷೆಯೊಡನೆ ಈಜಿ ತೇರ್ಗಡೆಯಾಗಬೇಕು. ನಾಲೆಗೆ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲವೆಂಬ ಸರಳವಾದ ವಿವೇಕವೇ ಇದರ ಹಿಂದಿರುವುದು. ಕಲಿತವಳು ಕಡೆಗೆ ತನ್ನ ದಿನದ ಬಟ್ಟೆಯಲ್ಲಿಯೂ ಒಮ್ಮೆ ತೇಲಿ ನೋಡಬೇಕು.

ಹೆಂಗಸರಿಗೆ ಈ ವಿದ್ಯೆ ಒಲಿಯದೆಂಬ ಮಾತು ಇನ್ನೂ ಕೇಳಬರುವುದು ಆಶ್ಚರ್ಯ. ೧೯೫೯ರಲ್ಲಿ ಬಂಗಾಳದ ಆರತಿ ಸಹಾ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಏಷ್ಯಾ ಖಂಡದ ಮೊದಲ ಮಹಿಳೆಯಾದರು. ನಮ್ಮ ಬೆಂಗಳೂರಿನ ನಿಶಾ ಮಿಲೆಟ್ ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ ಕ್ರೀಡೆಗಳಲ್ಲಿ ಈಜಿದವರು. ಚಿಕ್ಕಂದಿನಲ್ಲಿ ಅವರು ನೀರಿನಲ್ಲಿ ಮುಳುಗುವುದರಿಂದ ಪಾರಾದವರೆಂಬುದನ್ನು ಇಲ್ಲಿ ನೆನೆಯಬೇಕು. ಆ ಭಯದಿಂದ ಮಗಳನ್ನು ನೀರಿನಿಂದ ಬಿಡಿಸಿ ಮನೆಯಲ್ಲಿ ಕೂರಿಸಬಹುದಾಗಿತ್ತು. ಹೆತ್ತವರು ಈಜು ಕಲಿಸಿದರು. ನಾನು ಕೇಳುತ್ತಿರುವುದು ಒಲಿಂಪಿಕ್ ಪದಕವನ್ನಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೊಳದೊಳಗೆ ಬಿದಿರಿನ ಅಟ್ಟಣೆಯನ್ನೂ ಕಟಕಟೆಯನ್ನೂ ಕಟ್ಟಿ, ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಕಲಿಸುತ್ತಿದ್ದಾರೆ. ೨೫ ಮೀಟರು ಈಜಬೇಕು, ೩೦ ಸೆಕೆಂಡು ತೇಲಬೇಕು, ಮುಳುಗುವವರನ್ನು ದಡದಿಂದಲೇ ಕಾಪಾಡುವ ಬಗೆಯನ್ನು ತಿಳಿದಿರಬೇಕು. ಅಲ್ಲಿಗೆ ಪಾಠ ಮುಗಿಯಿತು. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹಳ ಕಡಮೆಯಾದುದು ಅಲ್ಲಿ ಕಂಡುಬಂದಿದೆ. ಬಿದಿರು ಹೆಗ್ಗಡದೇವನಕೋಟೆಗೆ ಹೊಸ ವಸ್ತುವಲ್ಲ.

ದಡದಿಂದಲೇ ಕಾಪಾಡುವ ವಿಷಯವನ್ನು ನಮ್ಮ ಬಾಲಿಕೆಯರು ಈಜಿಗೂ ಮೊದಲು ಕಲಿಯಬೇಕು. ಮುಳುಗುವವರು ಕೂಗುವುದಿಲ್ಲ, ನಾಟಕದಲ್ಲಿ ತೋರಿಸುವಂತೆ ಕೈ ಬೀಸಿ "ಕಾಪಾಡಿ" ಎನ್ನುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು, ತಲೆ ಹಿಂದಕ್ಕೆ ವಾಲಿ, ಸದ್ದಿಲ್ಲದೆ ಇಳಿಯುತ್ತಾರೆ. ಅದನ್ನು ಕಂಡವಳು ನೀರಿಗೆ ಹಾರಬಾರದು. ಹಿಂದೆ ಹೇಳಿದ ಸರಣಿಯ ಸಾವುಗಳೆಲ್ಲ ಹಾರಿದ್ದರಿಂದಲೇ ಆದುವು. ಅವಳ ಕೈಯಲ್ಲಿ ಆರು ಗಜದ ಸೀರೆಯುಂಟಲ್ಲವೇ? ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಕಟ್ಟಿ ಎಸೆದು, ತಾನು ದಡದಲ್ಲಿ ಬೋರಲಾಗಿ ಮಲಗಿ ಎಳೆಯಬೇಕು. ನಿಂತು ಎಳೆದರೆ ತಾನೇ ಒಳಕ್ಕೆ ಹೋಗುವಳು. ಬಿದಿರುಗಳುವಿದ್ದರೆ ಇನ್ನೂ ಲೇಸು. ಹೊರಕ್ಕೆ ತಂದವರನ್ನು ತಲೆಕೆಳಗು ಮಾಡಿ ತಿರುಗಿಸುವ, ಹೊಟ್ಟೆ ಅಮುಕುವ ಹಳೆಯ ಚಿಕಿತ್ಸೆಯಿಂದ ಅಪಾಯವೇ ಹೆಚ್ಚು. ಅಂಗಾತ ಮಲಗಿಸಿ ಉಸಿರನ್ನು ನೋಡಬೇಕು. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು ಎದೆಯನ್ನು ಒತ್ತುತ್ತಿರಬೇಕು. ಇನ್ನೊಬ್ಬರು ೧೦೮ಕ್ಕೆ ಕರೆ ಮಾಡಬೇಕು. ಇದನ್ನು ಒಂದು ಮಧ್ಯಾಹ್ನ ಹಜಾರದ ಚಾಪೆಯ ಮೇಲೆ ದಿಂಬನ್ನಿಟ್ಟುಕೊಂಡು ಅಭ್ಯಾಸ ಮಾಡಬಹುದು. ದಾದಿಯರೊಬ್ಬರು ಬಂದು ತೋರಿಸಿದರಂತೂ ಬಹಳ ಒಳ್ಳೆಯದು.

ಹಾಗಾದರೆ ಬುತ್ತಿ ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಹಿನ್ನೀರಿನ ಕಾಡಂಚು ಬೇಡ. ಇಳಿದ ನೀರಿನ ಬದಿಯಲ್ಲಿ ಚಿಗುರುವ ಹುಲ್ಲಿಗಾಗಿ ಬೇಸಿಗೆಯಲ್ಲಿ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಆ ತಿಂಗಳುಗಳಲ್ಲಿ ಆ ಬಯಲು ಅವುಗಳದು, ನಾಗರಹೊಳೆಯ ಕಾಯಿದೆಯೂ ಅದನ್ನೇ ಹೇಳುತ್ತದೆ. ಕೈಮಗುವಿರುವ ಸಂಸಾರಕ್ಕೆ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಮಾಡಿಸಿದ ಬೃಂದಾವನದಂತಹ ಸ್ಥಳವೇ ಚೆನ್ನು. ನೀರಿನ ತಂಪೂ ಉಂಟು, ಕಾಲ ಕೆಳಗೆ ಗಟ್ಟಿನೆಲವೂ ಉಂಟು, ಹಿತ್ತಲಿಗೆ ಬೇಕಾದ ಹೂಗಿಡಗಳನ್ನು ನೋಡಿ ಕಲಿತು ಬರುವುದೂ ಆಗುತ್ತದೆ. ಎಲ್ಲಿಗೇ ಹೋಗಲಿ, ಊಟಕ್ಕೆ ಎಲೆ ಹಾಕುವ ಮುನ್ನ ದೊಡ್ಡವರಲ್ಲಿ ಒಬ್ಬರನ್ನು ಮಕ್ಕಳ ಕಾವಲಿಗೆ ಹೆಸರು ಹಿಡಿದು ನೇಮಿಸಬೇಕು. ಎಲ್ಲರೂ ನೋಡುತ್ತಿರುವರೆಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಅದರಲ್ಲಿಯೂ ಈಗ ಎಲ್ಲರ ಕಣ್ಣೂ ಚಿತ್ರ ತೆಗೆಯುವ ಫೋನಿನ ಮೇಲೆ.

ಕಲಿಸುವ ಸ್ಥಳವೊಂದು ಉಳಿಯಿತು. ಮೈಸೂರಿನ ಸರಸ್ವತೀಪುರದಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳವಿದೆ. ಪಟ್ಟಣದ ಹುಡುಗಿಯರಿಗೆ ಅದು ಸರಿ. ಅಂತರಸಂತೆಯ ಹುಡುಗಿಯು ೬೦ ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ದಿನವೂ ಬಸ್ಸಿನಲ್ಲಿ ಹೋಗಿ ಬರಲಾದೀತೆ? ಅವಳಿಗೆ ಊರಿನ ಕೆರೆಯೇ ಕೊಳವಾಗಬೇಕು. ಪಂಚಾಯತಿಯವರು ಬೇಸಿಗೆಯಲ್ಲಿ ಕೆರೆಯ ಹೂಳನ್ನು ಎತ್ತಿಸುವಾಗಲೇ ಊರಿಗೆ ಹತ್ತಿರವಾದ ಒಂದು ಮೂಲೆಯನ್ನು ಸಮಮಟ್ಟ ಮಾಡಿಸಿ, ಮಕ್ಕಳ ಎದೆಮಟ್ಟಕ್ಕಿಂತ ಹೆಚ್ಚು ನೀರು ನಿಲ್ಲದಂತೆ ಅಳೆದು, ಮರಳು ಹಾಸಿ, ಸುತ್ತ ಬಿದಿರಿನ ಕಟಕಟೆಯನ್ನು ನಿಲ್ಲಿಸಬಹುದು; ಮೂರು ಕಡೆ ತೆಂಗಿನ ಗರಿಯ ತಡಿಕೆಯನ್ನು ಕಟ್ಟಿದರೆ ಮರೆಯೂ ಆಯಿತು. ಮುಂಜಾನೆಯ ಒಂದು ಗಂಟೆಯನ್ನು ಹೆಣ್ಣುಮಕ್ಕಳಿಗೆಂದೇ ಮೀಸಲಿಟ್ಟು, ಆ ಹೊತ್ತಿನಲ್ಲಿ ದನಗಳನ್ನು ಆಚೆಯ ದಡಕ್ಕೆ ಹೊಡೆಯಬೇಕು. ಈಜು ಬಲ್ಲ ಹೆಂಗಸರು ಊರಿನಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗೆ ತಿಂಗಳ ಸಂಬಳವನ್ನು ಗೊತ್ತುಮಾಡಿ ಕರೆಯಬೇಕಲ್ಲದೆ ಪುಕ್ಕಟೆ ದುಡಿಸಬಾರದು. ಹೂಳೆತ್ತುವ ಕೆಲಸವು ಮುಂಗಾರಿಗೆ ಮೊದಲೇ ಮುಗಿಯಬೇಕಾದುದರಿಂದ, ಈ ಅರ್ಜಿಯನ್ನು ತಾಯಂದಿರು ಸಹಿ ಮಾಡಿ ಯುಗಾದಿಯ ಒಳಗಾಗಿ ಗ್ರಾಮಸಭೆಯ ಮುಂದೆ ಇಡತಕ್ಕದ್ದು.